ಬ್ರೆಸ್ಟ್ ರಿಡಕ್ಷನ್ (ಎದೆ ಸಣ್ಣದು ಮಾಡುವ ಆಪರೇಷನ್) ಮಾಡಿಸೋದಾ, ಬೇಡ್ವಾ? ಗೊತ್ತಿದ್ದವರು ಹೇಳಿ

ನಾಪೋಕ್ಲು ಕಡೆಯವಳು:

ಎಲ್ಲರಿಗೂ ನಮಸ್ಕಾರ. ಹೆಸರು ಹೇಳುವುದಿಲ್ಲ, ನಮ್ಮೂರು ಚಿಕ್ಕದು. ನನಗೆ 31 ವರ್ಷ. ನಾಲ್ಕು ವರ್ಷದ ಮಗಳಿದ್ದಾಳೆ. ಮನೆಯ ಕಾಫಿ ತೋಟದ ಲೆಕ್ಕ ಪತ್ರ ನಾನೇ ನೋಡಿಕೊಳ್ಳುತ್ತೇನೆ.

ವಿಷಯ ನೇರವಾಗಿ ಹೇಳುತ್ತೇನೆ. ನನ್ನ ಎದೆ ಮೊದಲಿನಿಂದಲೂ ದೊಡ್ಡದು. ಹೆರಿಗೆ ಆದಮೇಲೆ ಇನ್ನೂ ಜಾಸ್ತಿ ಆಯಿತು. ಮಗಳು ಹಾಲು ಬಿಟ್ಟು ವರ್ಷಗಳೇ ಆದರೂ ಕಡಿಮೆ ಆಗಲಿಲ್ಲ. ಬ್ರಾ ಪಟ್ಟಿ ಕೂತು ಕೂತು ಎರಡೂ ಭುಜದಲ್ಲಿ ಕುಳಿ ಬಿದ್ದಿದೆ. ಬೆರಳಿಟ್ಟರೆ ಬೆರಳು ಅದರೊಳಗೆ ಕೂರುತ್ತದೆ. ಈಗ ರೋಬಸ್ಟಾ ಕೊಯ್ಲು ನಡೀತಿದೆ. ಸಂಜೆ ಕಣದಲ್ಲಿ ಒಬ್ಬೊಬ್ಬರ ಚೀಲ ತೂಕಕ್ಕೆ ಹಾಕುವಾಗ ನಾನು ಬಗ್ಗಿ ನಿಂತು ಪುಸ್ತಕದಲ್ಲಿ ಬರೆದುಕೊಳ್ಳಬೇಕು. ಅರ್ಧ ಜನ ಮುಗಿಯುವಷ್ಟರಲ್ಲಿ ಕತ್ತಿನಿಂದ ಬೆನ್ನಿನ ಮಧ್ಯದವರೆಗೆ ಹಿಡಿದುಕೊಳ್ಳುತ್ತದೆ. ಆಮೇಲೆ ರಾತ್ರಿ ತಲೆನೋವು.

ಮಳೆಗಾಲದ ಕಥೆ ಬೇರೆ. ಜೂನ್ ಬಂತೆಂದರೆ ಎದೆಯ ಕೆಳಗಿನ ಚರ್ಮ ಕೆಂಪಾಗಿ, ಒಡೆದು, ನೀರಾಡುತ್ತದೆ. ನಮ್ಮ ಕೊಡಗಿನ ಕಡೆ ಆಗ ಬಟ್ಟೆ ಒಣಗುವುದಿಲ್ಲ ಅಂತ ನಿಮಗೆಲ್ಲ ಗೊತ್ತು. ಒಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸಿದ ಬ್ರಾ ಹಾಕಿಕೊಂಡರೂ ಒಳಗೆ ಪಸೆ ಇದ್ದೇ ಇರುತ್ತದೆ. ಫಂಗಸ್ಸಿನ ಮುಲಾಮು ಹಚ್ಚುವುದು, ವಾಸಿಯಾಗುವುದು, ಮತ್ತೆ ಬರುವುದು. ಪ್ರತಿ ವರ್ಷ ಇದೇ.

ಮೈಸೂರಿನಲ್ಲಿ ಒಬ್ಬ ಪ್ಲಾಸ್ಟಿಕ್ ಸರ್ಜನ್ ಹತ್ತಿರ ತೋರಿಸಿದೆ. ಆಪರೇಷನ್ ಮಾಡಬಹುದು, ನೋವು ಕಡಿಮೆಯಾಗುತ್ತದೆ ಅಂದರು. ಅಲ್ಲಿಂದ ಬಂದಮೇಲೆ ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ಎರಡನೇ ಮಗು ಆಗಲಿ, ಆಮೇಲೆ ನೋಡೋಣ ಅಂತಾರೆ ಅತ್ತೆ. ಗಂಡನಿಗೆ ಅರಿವಳಿಕೆಯ ಭಯ. ನಿನ್ನಿಷ್ಟ ಅಂತಾರೆ, ಆದರೆ ಮುಖ ಸಣ್ಣದಾಗುತ್ತದೆ. ನಮ್ಮ ಅವ್ವ ಮಾತ್ರ ನನ್ನ ಭುಜ ನೋಡಿ ಏನೂ ಮಾತಾಡಲಿಲ್ಲ.

ನಾನು ಚಂದ ಕಾಣಬೇಕು ಅಂತ ಕೇಳ್ತಿಲ್ಲ. ಮಾಡಿಸಿಕೊಂಡವರು ಇದ್ದರೆ ಹೇಳಿ. ಬೇಡ ಅಂತ ಬಿಟ್ಟವರೂ ಹೇಳಿ.

ಕಾವೇರಿ ತೀರ:

ತಂಗಿ, ತಪ್ಪು ತಿಳ್ಕೋಬೇಡ. ದೇವರು ಕೊಟ್ಟ ಮೈ. ಕಾಯಿಲೆ ಇಲ್ಲದ ಜಾಗಕ್ಕೆ ಕತ್ತಿ ಹಾಕಿಸೋದು ಯಾಕೆ? ನಮ್ಮ ಅಜ್ಜಿಯರ ಕಾಲದಲ್ಲೂ ದೊಡ್ಡ ಎದೆಯವರು ಇದ್ದರಲ್ಲ, ಗದ್ದೆ ನಾಟಿ ಮಾಡಲಿಲ್ಲವಾ? ದಿನಾ ನಡೆದು ತೂಕ ಇಳಿಸಿ ನೋಡು ಮೊದಲು.

ಕುಶಾಲನಗರದ ಅಕ್ಕ:

ನಾನು ಮಾಡಿಸಿಕೊಂಡವಳು. ಕೆಲವು ವರ್ಷ ಆಯಿತು. ನನಗೆ ಆಗ ನಲವತ್ತು ದಾಟಿತ್ತು, ಮಕ್ಕಳು ದೊಡ್ಡವರಾಗಿದ್ದರು. ನಿನ್ನ ಭುಜದ ಕುಳಿ ಓದಿ ನನ್ನದೇ ನೆನಪಾಯಿತು. ಇವತ್ತಿಗೂ ನನ್ನ ಭುಜದಲ್ಲಿ ಅದು ಪೂರ್ತಿ ಹೋಗಿಲ್ಲ, ಆದರೆ ನೋವಿಲ್ಲ.

ಮೊದಲು ಮೇಲಿನ ಅಕ್ಕನ ಮಾತಿಗೆ. ಅಜ್ಜಿಯರು ನಾಟಿ ಮಾಡಿದರು, ನಿಜ. ನೋವನ್ನೂ ತಿಂದರು. ನಮ್ಮಜ್ಜಿ ಎದೆಯ ಕೆಳಗೆ ಹಳೇ ಪಂಚೆಯ ತುಂಡು ಮಡಚಿ ಇಟ್ಟುಕೊಳ್ಳುತ್ತಿದ್ದರು, ಬೆವರು ಹೀರಲಿ ಅಂತ. ಅವರು ಯಾರಿಗೂ ಹೇಳಲಿಲ್ಲ ಅಂದಮಾತ್ರಕ್ಕೆ ತೊಂದರೆ ಇರಲಿಲ್ಲ ಅಂತಲ್ಲ.

ಆಪರೇಷನ್ ಹೇಗೆ ಅಂತ ನನಗೆ ಗೊತ್ತಿದ್ದಷ್ಟು ಹೇಳುತ್ತೇನೆ. ಪೂರ್ತಿ ಅರಿವಳಿಕೆ ಕೊಡುತ್ತಾರೆ. ಹೋಗುವ ಮೊದಲು ನಿಲ್ಲಿಸಿ, ಮಾರ್ಕರಿನಿಂದ ಎದೆಯ ಮೇಲೆ ಗೆರೆ ಹಾಕುತ್ತಾರೆ. ಮಲಗಿದರೆ ಆಕಾರ ಬದಲಾಗುತ್ತದೆ, ಅದಕ್ಕೆ ನಿಂತಾಗಲೇ ಗುರುತು. ಒಳಗಿನ ಕೊಬ್ಬು, ಗ್ರಂಥಿ, ಮೇಲಿನ ಹೆಚ್ಚಿನ ಚರ್ಮ ತೆಗೆದು, ಮೊಲೆತೊಟ್ಟನ್ನು ಮೇಲಕ್ಕೆ ತಂದು ಹೊಲಿಯುತ್ತಾರೆ. ತೊಟ್ಟನ್ನು ಸಾಮಾನ್ಯವಾಗಿ ಬೇರೆ ಮಾಡುವುದಿಲ್ಲ. ರಕ್ತನಾಳ, ನರ ಇರುವ ಒಂದು ಭಾಗದ ಜೊತೆಗೇ ಸರಿಸುತ್ತಾರೆ. ತುಂಬಾ ತುಂಬಾ ದೊಡ್ಡದಿದ್ದರೆ ಮಾತ್ರ ಪೂರ್ತಿ ಬಿಡಿಸಿ ಮತ್ತೆ ಕೂರಿಸುವುದುಂಟು. ಹಾಗೆ ಮಾಡಿದರೆ ಸ್ಪರ್ಶವೂ ಹೋಗುತ್ತದೆ, ಹಾಲು ಕೊಡುವ ಆಸೆಯನ್ನೂ ಬಿಡಬೇಕು. ನಿನ್ನ ಸರ್ಜನ್ ಯಾವ ವಿಧಾನ ಅಂತ ಹೇಳಿದರಾ? ಕೇಳಿಲ್ಲದಿದ್ದರೆ ಕೇಳು.

ಕಲೆ ಉಳಿಯುತ್ತದೆ. ಇದನ್ನು ಯಾರೂ ಮೆತ್ತಗೆ ಹೇಳಬಾರದು. ತೊಟ್ಟಿನ ಸುತ್ತ ಒಂದು, ಅಲ್ಲಿಂದ ಕೆಳಗೆ ನೇರವಾಗಿ ಒಂದು, ಎದೆಯ ಕೆಳಗಿನ ಮಡಿಕೆಯಲ್ಲಿ ಅಡ್ಡ ಒಂದು. ಮೊದಲ ತಿಂಗಳುಗಳಲ್ಲಿ ಕೆಂಪಗೆ, ದಪ್ಪಗೆ ಇರುತ್ತದೆ. ಒಂದು, ಒಂದೂವರೆ ವರ್ಷದಲ್ಲಿ ತೆಳುವಾಗಿ ಮಾಸುತ್ತದೆ. ನನಗೆ ನೇರ ಗೆರೆಯೂ ಅಡ್ಡ ಗೆರೆಯೂ ಕೂಡುವ ಜಾಗದಲ್ಲಿ ಗಾಯ ಸ್ವಲ್ಪ ಬಿಟ್ಟುಕೊಂಡು, ಮಾಯಲು ವಾರಗಟ್ಟಲೆ ಹಿಡಿಯಿತು. ಅದು ಅನೇಕರಿಗೆ ಆಗುವಂಥದ್ದೇ ಅಂತ ಡಾಕ್ಟರ್ ಮೊದಲೇ ಹೇಳಿದ್ದರು. ಅದರಿಂದ ಗಾಬರಿಯಾಗಲಿಲ್ಲ.

ಅಮ್ಮತ್ತಿ:

ಫಾಲೋ ಮಾಡ್ತಿದ್ದೇನೆ. ನನಗೂ ಇದೇ ಸಮಸ್ಯೆ. ಕೇಳಲು ನಾಚಿಕೆ ಆಗಿತ್ತು.

ವಿರಾಜಪೇಟೆ ಫಿಸಿಯೋ:

ನಾನು ಫಿಸಿಯೋಥೆರಪಿಸ್ಟ್. ಇಂಥ ನೋವಿನವರು ನಮ್ಮಲ್ಲಿಗೆ ಬರುತ್ತಿರುತ್ತಾರೆ. ಬಹಳ ಜನ ಕತ್ತು ನೋವು ಅಂತ ಬರುತ್ತಾರೆ, ಎದೆಯ ಭಾರದ ಮಾತನ್ನು ಕೊನೆಗೆ, ಬಾಗಿಲ ಹತ್ತಿರ ನಿಂತು ಹೇಳುತ್ತಾರೆ.

ಮೊದಲನೆಯದು, ನೋವು ಎದೆಯ ಭಾರದಿಂದಲೇ ಬರುತ್ತಿದೆಯಾ ಅಂತ ಗಟ್ಟಿ ಮಾಡಿಕೊಳ್ಳಿ. ಕತ್ತಿನ ಮೂಳೆಯ ಸವೆತ, ಡಿಸ್ಕ್ ತೊಂದರೆ, ಥೈರಾಯ್ಡ್, ರಕ್ತ ಕಡಿಮೆ ಇರುವುದು, ಇವೂ ಇದೇ ರೀತಿ ಸುಸ್ತು, ನೋವು ಕೊಡಬಹುದು. ಕೈ ಜುಮ್ಮೆನ್ನುತ್ತಿದ್ದರೆ ಅದನ್ನು ಬಿಡದೆ ತೋರಿಸಿ. ಇದಕ್ಕೆ ಮೈಸೂರಿಗೇ ಹೋಗಬೇಕಿಲ್ಲ, ಮಡಿಕೇರಿಯ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ ಮೂಳೆ ವಿಭಾಗಕ್ಕೆ ತೋರಿಸಬಹುದು.

ಎರಡನೆಯದು ಬ್ರಾ. ಭಾರ ಹೊರಬೇಕಾದದ್ದು ಭುಜದ ಪಟ್ಟಿ ಅಲ್ಲ, ಎದೆಯ ಸುತ್ತ ಕೂರುವ ಅಗಲದ ಪಟ್ಟಿ. ನಮ್ಮ ಕಡೆ ಅಂಗಡಿಗಳಲ್ಲಿ ಕಪ್ ದೊಡ್ಡದು ಸಿಗುವುದಿಲ್ಲ. ಅದಕ್ಕೆ 36 ಬೇಕಾದವರು 42 ತಗೊಂಡು ಸುತ್ತಳತೆ ಸಡಿಲ ಮಾಡಿಕೊಳ್ಳುತ್ತಾರೆ. ಆಗ ಅಷ್ಟೂ ಭಾರ ಭುಜಕ್ಕೆ. ಸರಿಯಾದ ಅಳತೆ ತೆಗೆಸಿ ಅಗಲ ಪಟ್ಟಿಯದು ಹಾಕಿ, ಬೆನ್ನಿನ ಮೇಲ್ಭಾಗದ ವ್ಯಾಯಾಮ ಮಾಡಿ. ಕೆಲವರಿಗೆ ಇದರಿಂದಲೇ ಸಾಕಷ್ಟು ಆರಾಮ ಆಗುತ್ತದೆ.

ಆದರೆ ನಿಮ್ಮ ಮಟ್ಟದ ತೊಂದರೆಗೆ ಇಷ್ಟೇ ಸಾಕು ಅಂತ ನಾನು ಹೇಳಲಾರೆ. 2002ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಇದನ್ನೇ ನೋಡಿದ್ದರು. ತೂಕ ಇಳಿಸುವುದು, ಫಿಸಿಯೋ, ವಿಶೇಷ ಬ್ರಾ, ಇವುಗಳಿಂದ ಶಾಶ್ವತ ಪರಿಹಾರ ಸಿಗಲಿಲ್ಲ, ಆಪರೇಷನ್‌ನಿಂದ ನೋವು ಚೆನ್ನಾಗಿ ಇಳಿಯಿತು ಅಂತ ಬಂತು. ಎಣ್ಣೆ, ಕ್ರೀಮ್, ಮಸಾಜ್‌ನಿಂದ ಎದೆ ಸಣ್ಣದಾಗುತ್ತದೆ ಅನ್ನುವುದು ಸುಳ್ಳು. ದುಡ್ಡು ಹಾಕಬೇಡಿ. ಎದೆಯ ವ್ಯಾಯಾಮದಿಂದ ಕೆಳಗಿನ ಸ್ನಾಯು ಗಟ್ಟಿಯಾಗುತ್ತದೆ, ಮೇಲಿನ ಗಾತ್ರ ಇಳಿಯುವುದಿಲ್ಲ.

ಗೋಣಿಕೊಪ್ಪದವಳು:

ನಾನು ಬೇಡ ಅಂತ ಬಿಟ್ಟವಳು. ನನ್ನ ತೂಕ ಜಾಸ್ತಿ ಇತ್ತು. ಸರ್ಜನ್ನೇ ಹೇಳಿದರು, ಮೊದಲು ತೂಕ ಇಳಿಸಿ, ಒಂದೇ ಮಟ್ಟದಲ್ಲಿ ನಿಲ್ಲಿಸಿ ಬನ್ನಿ ಅಂತ. ಇಳಿಸಿದೆ. ಎದೆಯೂ ಸ್ವಲ್ಪ ಇಳಿಯಿತು. ನೋವು ತಡೆಯುವಷ್ಟಕ್ಕೆ ಬಂತು. ಆಮೇಲೆ ಆಪರೇಷನ್ ಬೇಕು ಅನಿಸಲಿಲ್ಲ. ಆದರೆ ಇದು ನನ್ನ ಮೈ. ನನ್ನ ಅಕ್ಕ ತೆಳ್ಳಗೇ ಇದ್ದಾಳೆ, ಅವಳಿಗೆ ಎದೆ ಮಾತ್ರ ಭಾರ. ಅವಳು ಎಷ್ಟು ನಡೆದರೂ ಏನೂ ಇಳಿಯಲಿಲ್ಲ. ಕೆಲವರಲ್ಲಿ ಕೊಬ್ಬು ಜಾಸ್ತಿ, ಕೆಲವರಲ್ಲಿ ಗ್ರಂಥಿ ಜಾಸ್ತಿ ಅಂತೆ.

ನಾಪೋಕ್ಲು ಕಡೆಯವಳು:

ಇಷ್ಟು ಜನ ಬರೆದಿರಿ, ಓದಿ ಕಣ್ಣು ತುಂಬಿತು. ನನ್ನ ತೂಕ ಎತ್ತರಕ್ಕೆ ಸರಿಯಾಗೇ ಇದೆ. ಕತ್ತಿನ ಎಕ್ಸ್‌ರೇ ತೆಗೆಸಿದ್ದೇನೆ, ಅದರಲ್ಲಿ ಏನೂ ಇಲ್ಲ. ಬ್ರಾ ವಿಷಯ ಹೇಳಿದ್ದು ನಿಜ ಮೇಡಂ, ನಾನೂ 42ರದ್ದೇ ಹಾಕುತ್ತಿರುವುದು. ಅಳತೆ ತೆಗೆಸುತ್ತೇನೆ.

ಕುಶಾಲನಗರದ ಅಕ್ಕ, ನನ್ನ ದೊಡ್ಡ ಪ್ರಶ್ನೆ ಹಾಲಿನದು. ಎರಡನೇ ಮಗು ಆದರೆ ಹಾಲು ಕೊಡಲು ಆಗುತ್ತದಾ? ಮಗಳಿಗೆ ಎರಡು ವರ್ಷ ಕೊಟ್ಟಿದ್ದೇನೆ. ಆ ದಿನಗಳು ನನಗೆ ತುಂಬಾ ಇಷ್ಟದವು.

ಸೋಮವಾರಪೇಟೆ ಸಿಸ್ಟರ್:

ನಾನು ಹೆರಿಗೆ ವಾರ್ಡಿನಲ್ಲಿ ನರ್ಸ್ ಆಗಿದ್ದವಳು, ಈಗ ನಿವೃತ್ತಿ. ಹಾಲಿನ ಪ್ರಶ್ನೆಗೆ ಯಾರೂ ಗ್ಯಾರಂಟಿ ಕೊಡಲಾರರು. ಕೊಟ್ಟರೆ ನಂಬಬೇಡಿ. ತೊಟ್ಟಿನ ಹಿಂದಿನಿಂದ ಎದೆಗೂಡಿನವರೆಗೆ ಇರುವ ಗ್ರಂಥಿಯ ಭಾಗವನ್ನು ಕಡಿಯದೆ ಉಳಿಸಿದರೆ ಹಾಲು ಬರುವ ಸಾಧ್ಯತೆ ಚೆನ್ನಾಗಿರುತ್ತದೆ. ಅದನ್ನು ಕಡಿದರೆ ಬಹಳ ಕಡಿಮೆ. ನಡುವೆ ಇರುವವರೂ ಇದ್ದಾರೆ. ಅರ್ಧ ಎದೆಹಾಲು, ಅರ್ಧ ಮೇಲಿನ ಹಾಲು ಅಂತ ಕೊಟ್ಟು ಸಾಕಿದ ತಾಯಂದಿರನ್ನು ನಾನೇ ನೋಡಿದ್ದೇನೆ. ಮಕ್ಕಳು ಚೆನ್ನಾಗೇ ಬೆಳೆದವು. ಇದೊಂದೇ ಕಾರಣಕ್ಕೆ ತಾಯಿ ತನ್ನನ್ನು ತಾನು ಬೈದುಕೊಳ್ಳಬೇಕಿಲ್ಲ.

ಇನ್ನೊಂದು, ಬಸಿರು ಬಾಣಂತನದಲ್ಲಿ ಎದೆ ಮತ್ತೆ ಹಿಗ್ಗುತ್ತದೆ, ಇಳಿಯುತ್ತದೆ. ಆಪರೇಷನ್ ಮಾಡಿಸಿದ ಆಕಾರ ಬದಲಾಗಬಹುದು. ಅದಕ್ಕೇ ಬೇಗನೆ ಮಗು ಬೇಕು ಅಂತಿದ್ದರೆ ಡಾಕ್ಟರುಗಳು ಮೊದಲು ಮಗು, ಹಾಲು ಬಿಡಿಸಿ ಕೆಲವು ತಿಂಗಳು ಕಳೆದ ಮೇಲೆ ಆಪರೇಷನ್ ಅಂತ ಹೇಳುವುದು. ಈಗಲೇ ಮಾಡಿಸಿಕೊಂಡರೆ ಮುಂದೆ ಮಗು ಆಗಬಾರದು ಅಂತಲ್ಲ.

ಆದರೆ ಮಗಳೇ, ಒಂದು ಮಾತು ಕೇಳ್ತೀನಿ. ಎರಡನೇ ಮಗು ಬೇಕಾಗಿರುವುದು ನಿನಗಾ, ಅತ್ತೆಗಾ? ಇದಕ್ಕೆ ನೀನು ಇಲ್ಲಿ ಉತ್ತರ ಬರೆಯುವುದು ಬೇಡ. ಗಂಡ ಹೆಂಡತಿ ಇಬ್ಬರೇ ಕೂತು ಮಾತಾಡಿ. ಆ ಮಾತು ಮುಗಿಯದೆ ಆಪರೇಷನ್ ಮಾತು ಮುಗಿಯುವುದಿಲ್ಲ.

ಕಾವೇರಿ ತೀರ:

ಸಿಸ್ಟರ್ ಹೇಳಿದ್ದು ಸರಿಯಾಗಿದೆ. ಆ ಭುಜದ ಕುಳಿಯ ಮಾತು ಓದಿದ ಮೇಲೆ ನನ್ನ ನಾದಿನಿಯನ್ನು ಕೇಳಿದೆ. ಅವಳಿಗೂ ಇದೆಯಂತೆ. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು ನನಗೆ ಗೊತ್ತೇ ಇರಲಿಲ್ಲ. ತಂಗಿ, ನಿನಗೆ ಒಳ್ಳೆಯದಾಗಲಿ.

ಪೊನ್ನಂಪೇಟೆ ಹಾಕಿ ಅಮ್ಮ:

ಇಲ್ಲೇ ಕೇಳಬಹುದಾ? ನನ್ನ ಮಗಳಿಗೆ 16. ಹಾಕಿ ಆಡುತ್ತಾಳೆ, ಚೆನ್ನಾಗಿ ಆಡುತ್ತಾಳೆ. ಈಗ ಎದೆ ಭಾರ ಅಂತ ಓಡಲು ಹಿಂಜರಿಯುತ್ತಾಳೆ. ಎರಡು ಸ್ಪೋರ್ಟ್ಸ್ ಬ್ರಾ ಒಂದರ ಮೇಲೊಂದು ಹಾಕಿಕೊಂಡು ಉಸಿರು ಕಟ್ಟಿ ಆಡುತ್ತಾಳೆ. ಈ ವಯಸ್ಸಿಗೆ ಆಪರೇಷನ್ ಮಾಡುತ್ತಾರಾ?

ವಿರಾಜಪೇಟೆ ಫಿಸಿಯೋ:

ಅಮ್ಮ, ಬೆಳವಣಿಗೆ ನಿಲ್ಲುವವರೆಗೆ ಕಾಯಲು ಹೇಳುತ್ತಾರೆ ಸಾಮಾನ್ಯವಾಗಿ. ಈಗ ಮಾಡಿಸಿದರೆ ಮತ್ತೆ ಬೆಳೆದು ಇನ್ನೊಮ್ಮೆ ಬೇಕಾಗಬಹುದು. ತೀರಾ ಹೆಚ್ಚಿನ ತೊಂದರೆ ಇದ್ದರೆ ತಜ್ಞರು ಬೇಗ ಮಾಡುವುದೂ ಉಂಟು. ಈಗ ಅವಳಿಗೆ ಒಂದೇ ಒಂದು ಒಳ್ಳೆಯ, ಎರಡೂ ಕಪ್ ಬೇರೆ ಬೇರೆ ಇರುವ, ಗಟ್ಟಿ ಸ್ಪೋರ್ಟ್ಸ್ ಬ್ರಾ ಕೊಡಿಸಿ. ಎರಡು ಹಾಕಿ ಬಿಗಿದರೆ ಉಸಿರಾಟಕ್ಕೇ ತೊಂದರೆ. ಅವಳ ಕೋಚ್ ಹತ್ತಿರ ನೀವೇ ಮಾತಾಡಿ. ಹಾಕಿ ಬಿಡಿಸಬೇಡಿ, ದಯವಿಟ್ಟು.

ಸಿದ್ದಾಪುರ:

ನಾನು ಗಂಡಸು. ಬರೆಯಬಹುದೋ ಇಲ್ಲವೋ ಗೊತ್ತಿಲ್ಲ, ನಿಮ್ಮ ಯಜಮಾನರಿಗಾಗಿ ಬರೆಯುತ್ತಿದ್ದೇನೆ. ನನ್ನ ಹೆಂಡತಿಗೆ ಬೆಂಗಳೂರಿನಲ್ಲಿ ಆಯಿತು. ನನಗೂ ಅರಿವಳಿಕೆಯದೇ ಭಯ ಇತ್ತು. ಅರಿವಳಿಕೆ ಡಾಕ್ಟರನ್ನು ಮುಂಚೆಯೇ ಭೇಟಿ ಮಾಡಿಸಿ ಅಂತ ಕೇಳಿದೆ. ಅವರು ರಕ್ತ ಪರೀಕ್ಷೆ, ಇಸಿಜಿ ನೋಡಿ, ಏನೇನು ಅಪಾಯ ಅಂತ ನನ್ನೆದುರೇ ಕೂತು ಹೇಳಿದರು. ಆ ಮೇಲೆ ಧೈರ್ಯ ಬಂತು. ನಿಮ್ಮ ಮನೆಯವರನ್ನೂ ಕರೆದುಕೊಂಡು ಹೋಗಿ. ಹೊರಗೆ ಬೆಂಚಿನ ಮೇಲೆ ಕೂರಿಸಬೇಡಿ, ಒಳಗೆ ಕರೆದುಕೊಂಡು ಹೋಗಿ.

ಆಮೇಲೆ ದುಡ್ಡು. ನಮಗೆ ವಿಮೆ ಕಂಪನಿ ಮೊದಲು ಇದು ಸೌಂದರ್ಯಕ್ಕೆ ಮಾಡಿಸುವುದು ಅಂತ ಇಲ್ಲ ಅಂದಿತು. ವಿಮಾ ನಿಯಂತ್ರಣ ಪ್ರಾಧಿಕಾರದ ನಿಯಮದಲ್ಲಿ ಸೌಂದರ್ಯದ ಆಪರೇಷನ್‌ಗೆ ಹಣ ಇಲ್ಲ, ನಿಜ. ಆದರೆ ಅದರಲ್ಲೇ, ಆರೋಗ್ಯಕ್ಕೆ ನೇರ ಅಪಾಯ ತಪ್ಪಿಸಲು ಬೇಕಾದ ಚಿಕಿತ್ಸೆಯಾದರೆ, ನೋಡುತ್ತಿರುವ ಡಾಕ್ಟರ್ ಅದನ್ನು ಬರೆದುಕೊಟ್ಟರೆ, ಪರಿಗಣಿಸಬಹುದು ಅಂತಲೂ ಇದೆ. ಸಿಕ್ಕೇ ಸಿಗುತ್ತದೆ ಅಂತಲ್ಲ. ಫಿಸಿಯೋ ಚೀಟಿ, ಚರ್ಮದ ಡಾಕ್ಟರ್ ಚೀಟಿ, ಎಕ್ಸ್‌ರೇ ಎಲ್ಲ ಒಂದು ಫೈಲಿನಲ್ಲಿಟ್ಟು, ಆಪರೇಷನ್‌ಗೆ ಮುಂಚೆಯೇ ಕಂಪನಿಯಿಂದ ಬರಹದಲ್ಲಿ ಉತ್ತರ ತೆಗೆದುಕೊಳ್ಳಿ. ಬಾಯಿ ಮಾತು ನಂಬಬೇಡಿ. ಖಾಸಗಿಯಲ್ಲಿ ಲಕ್ಷದ ಮೇಲೆಯೇ ಆಗುತ್ತದೆ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಪ್ಲಾಸ್ಟಿಕ್ ಸರ್ಜರಿ ವಿಭಾಗ ಇದೆ, ಸರ್ಕಾರಿ ಕಡೆ ವಿಚಾರಿಸುವವರು ಅಲ್ಲಿ ಕೇಳಬಹುದು.

ಸೋಮವಾರಪೇಟೆ ಸಿಸ್ಟರ್:

ಡಾಕ್ಟರ್ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಬೋರ್ಡಿನಲ್ಲಿ "ಕಾಸ್ಮೆಟಿಕ್" ಅಂತ ಬರೆದಿದ್ದರೆ ಸಾಲದು. ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂ.ಸಿಎಚ್. ಅಥವಾ ಡಿ.ಎನ್.ಬಿ. (ಈಗ ಡಿಆರ್.ಎನ್.ಬಿ. ಅಂತಾರೆ) ಪದವಿ ಆಗಿರಬೇಕು. ಎಷ್ಟು ಇಂಥ ಆಪರೇಷನ್ ಮಾಡಿದ್ದೀರಿ, ರಾತ್ರಿ ರಕ್ತ ಕಟ್ಟಿಕೊಂಡರೆ ಯಾರು ನೋಡುತ್ತಾರೆ, ತೆಗೆದ ಭಾಗವನ್ನು ಪರೀಕ್ಷೆಗೆ ಕಳಿಸುತ್ತೀರಾ ಅಂತ ಕೇಳಿ. ಕಳಿಸಲೇಬೇಕು. ನಲವತ್ತು ದಾಟಿದವರು, ಮನೆಯಲ್ಲಿ ಯಾರಿಗಾದರೂ ಸ್ತನ ಕ್ಯಾನ್ಸರ್ ಇದ್ದವರು ಮೊದಲೇ ಮ್ಯಾಮೋಗ್ರಾಮ್ (ಎದೆಯ ಎಕ್ಸ್‌ರೇ ಪರೀಕ್ಷೆ) ವಿಷಯ ಮಾತಾಡಿ. ಮುಂದೆ ಯಾವಾಗ ಮ್ಯಾಮೋಗ್ರಾಮ್ ಮಾಡಿಸಿದರೂ ಈ ಆಪರೇಷನ್ ಆಗಿದೆ ಅಂತ ಹೇಳಬೇಕು, ಒಳಗಿನ ಗಾಯದ ಗುರುತು ಅದರಲ್ಲಿ ಕಾಣುತ್ತದೆ. ಬೀಡಿ, ಸಿಗರೇಟು, ಹೊಗೆಸೊಪ್ಪು ಇದ್ದರೆ ವಾರಗಟ್ಟಲೆ ಮುಂಚೆ ಬಿಡಬೇಕು, ಇಲ್ಲದಿದ್ದರೆ ಗಾಯ ಸರಿಯಾಗಿ ಮಾಯುವುದಿಲ್ಲ, ತೊಟ್ಟಿಗೂ ಅಪಾಯ. ಯಾವ ಮಾತ್ರೆ, ಕಷಾಯ ತಗೊಳ್ಳುತ್ತಿದ್ದರೂ ಮುಚ್ಚಿಡಬೇಡಿ. ರಕ್ತ ತೆಳುವಾಗಿಸುವಂಥದ್ದು ಅದರಲ್ಲಿ ಇರಬಹುದು.

ನಾಪೋಕ್ಲು ಕಡೆಯವಳು:

ಸ್ವಲ್ಪ ದಿನ ಬಿಟ್ಟು ಬರೆಯುತ್ತಿದ್ದೇನೆ. ಸಿಸ್ಟರ್ ಕೇಳಿದ ಮಾತು ತಲೆಯಲ್ಲೇ ಉಳಿದಿತ್ತು. ಮಗಳು ಮಲಗಿದ ಮೇಲೆ ನಾವಿಬ್ಬರೂ ಕೂತು ಮಾತಾಡಿದೆವು. ಮದುವೆಯಾದ ಮೇಲೆ ಇಷ್ಟು ಬಿಚ್ಚಿ ಮಾತಾಡಿದ್ದು ಇದೇ ಮೊದಲು ಇರಬೇಕು. ಸದ್ಯಕ್ಕೆ ಇಬ್ಬರಿಗೂ ಎರಡನೇ ಮಗುವಿನ ಆಸೆ ಇಲ್ಲ. ಮುಂದೆ ಆದರೆ ಆಗಲಿ. ಹಾಲು ಕಡಿಮೆಯಾದರೆ ಆಗಲಿ, ಅದನ್ನು ಆಗ ನೋಡೋಣ ಅಂತ ಅವರೇ ಅಂದರು. ನನ್ನ ಭುಜ ಅವರು ಸರಿಯಾಗಿ ನೋಡಿಯೇ ಇರಲಿಲ್ಲ. ದೀಪದ ಹತ್ತಿರ ತೋರಿಸಿದೆ.

ಅತ್ತೆಗೆ ಅವರೇ ಹೇಳುತ್ತಾರಂತೆ.

ಹೊಸ ಬ್ರಾ ಬಂತು. ಭುಜಕ್ಕೆ ಸ್ವಲ್ಪ ಹಗುರ. ಬೆನ್ನು ನೋವು ಹಾಗೇ ಇದೆ. ಮೈಸೂರಿನಲ್ಲೇ ಇನ್ನೊಬ್ಬರ ಹತ್ತಿರ ತೋರಿಸಿದೆವು, ಇಬ್ಬರೂ ಒಳಗೆ ಹೋದೆವು. ತೊಟ್ಟಿನ ಹಿಂದಿನ ಭಾಗ ಆದಷ್ಟೂ ಉಳಿಸಿ ಮಾಡುತ್ತೇನೆ ಅಂದರು. ಕಲೆಯ ಫೋಟೋ ತೋರಿಸಿದರು, ಚೆನ್ನಾಗಿ ಬಂದದ್ದೂ, ಬಾರದ್ದೂ. ಎರಡು ಎದೆ ಅಚ್ಚು ಹೊಯ್ದ ಹಾಗೆ ಒಂದೇ ಸಮ ಬರುವುದಿಲ್ಲ, ತೊಟ್ಟಿನ ಸ್ಪರ್ಶ ಕಡಿಮೆಯಾಗಬಹುದು ಅಂತಲೂ ಹೇಳಿದರು. ಏನನ್ನೂ ಮುಚ್ಚಿಡಲಿಲ್ಲ, ಅದು ನನಗೆ ಹಿಡಿಸಿತು.

ಮಾಡಿಸಿಕೊಳ್ಳುತ್ತೇನೆ. ಯಾವಾಗ ಅನ್ನುವುದು ಒಂದೇ ಬಾಕಿ. ಕೊಯ್ಲು ಮಾರ್ಚ್‌ವರೆಗೆ ಇದೆ. ಜೂನ್‌ಗೆ ಮಳೆ.

ಕುಶಾಲನಗರದ ಅಕ್ಕ:

ಕೊಯ್ಲು ಮುಗಿಸಿ, ಮಳೆಗೆ ಮುಂಚೆ ಮಾಡಿಸು. ಮಳೆಗಾಲದಲ್ಲಿ ಗಾಯ ಒಣಗಿಸಿಕೊಳ್ಳುವುದು ನಮ್ಮೂರಲ್ಲಿ ಎಷ್ಟು ಕಷ್ಟ ಅಂತ ನಿನಗೆ ಹೇಳಬೇಕಾ? ಏಪ್ರಿಲ್‌ನಲ್ಲಿ, ಎಡಮ್ಯಾರ್ (ತಿಂಗಳ ಮಧ್ಯದ ಕೊಡವ ಹೊಸ ವರ್ಷ) ಕಳೆದ ಮೇಲೆ ಹೋದರೆ ಮಳೆ ಹಿಡಿಯುವಷ್ಟರಲ್ಲಿ ಮೇಲಿನ ಗಾಯ ಮಾಯ್ದಿರುತ್ತದೆ.

ಆಸ್ಪತ್ರೆಯಲ್ಲಿ ನನ್ನನ್ನು ಒಂದು ರಾತ್ರಿ ಇಟ್ಟುಕೊಂಡರು. ಒಳಗೆ ಸೇರುವ ರಕ್ತ, ನೀರು ಹೊರಬರಲು ಎರಡೂ ಕಡೆ ಸಣ್ಣ ಟ್ಯೂಬ್ ಇತ್ತು, ಮನೆಗೆ ಕಳಿಸುವ ಮುಂಚೆ ತೆಗೆದರು. ಆದರೆ ಮೈಸೂರಿನಿಂದ ಆವತ್ತೇ ಊರಿಗೆ ಹೊರಡಬೇಡ. ಅಲ್ಲೇ ಯಾರ ಮನೆಯಲ್ಲಾದರೂ ಕೆಲವು ದಿನ ಇರು. ಮೊದಲ ಡ್ರೆಸ್ಸಿಂಗ್ ಆಗಲಿ, ಏನಾದರೂ ಆದರೆ ಆಸ್ಪತ್ರೆ ಹತ್ತಿರ ಇರಲಿ. ಬರುವಾಗ ಜೀಪ್ ಬೇಡ, ಕಾರಿನಲ್ಲಿ ಬಾ. ಸೀಟ್ ಬೆಲ್ಟ್‌ಗೂ ಎದೆಗೂ ನಡುವೆ ಸಣ್ಣ ಮೆತ್ತನೆ ದಿಂಬು ಇಟ್ಟುಕೋ. ಕುಶಾಲನಗರದವರೆಗೆ ಪರವಾಗಿಲ್ಲ, ಅಲ್ಲಿಂದ ಮೇಲೆ ತಿರುವಿನಲ್ಲಿ ಆ ದಿಂಬು ಬೇಕೇ ಬೇಕು. ದಾರಿಯಲ್ಲಿ ನಿಲ್ಲಿಸಿ ಇಳಿದು ಸ್ವಲ್ಪ ನಡಿ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಾರದು.

ಮನೆಯಲ್ಲಿ ಮುಂಚೆಯೇ ಮಾಡಿಡಬೇಕಾದ ಕೆಲಸ ಇದೆ. ಅಡುಗೆಮನೆಯಲ್ಲಿ ದಿನಾ ಬೇಕಾದ ಡಬ್ಬಗಳನ್ನೆಲ್ಲ ಮೇಲಿನ ಹಲಗೆಯಿಂದ ಇಳಿಸಿ ಸೊಂಟದ ಎತ್ತರಕ್ಕೆ ಇಡು. ಕೈ ಮೇಲೆತ್ತಲು ಆಗುವುದಿಲ್ಲ. ಮುಂದೆ ಗುಂಡಿ ಇರುವ ನೈಟಿ ತಗೋ. ತಲೆ ಬಾಚಲು, ಕೂದಲು ತೊಳೆಯಲು ಅವ್ವನನ್ನು ಕರೆಸಿಕೋ. ಅಂಗಾತ ಮಲಗಬೇಕು, ಬೆನ್ನಿಗೆ ಎರಡು ದಿಂಬು ಕೊಟ್ಟು. ಅವರು ಕೊಡುವ ಸಪೋರ್ಟ್ ಬ್ರಾ ಹಗಲು ರಾತ್ರಿ ವಾರಗಟ್ಟಲೆ ಹಾಕಿರಬೇಕು, ಎರಡು ಮೂರು ಇಟ್ಟುಕೋ. ಕೂತು ಲೆಕ್ಕ ಬರೆಯುವುದು ಎರಡು ವಾರದ ಮೇಲೆ ಮಾಡಬಹುದು. ಭಾರ ಎತ್ತುವುದು, ಹಂಡೆ ನೀರು, ಕಾಫಿ ಚೀಲ ಎಳೆಯುವುದು ಒಂದೂವರೆ ತಿಂಗಳು ಬೇಡ.

ಎಲ್ಲಕ್ಕಿಂತ ಕಷ್ಟ ಮಗಳದು. ನಾಲ್ಕು ವರ್ಷ ಅಂದರೆ ಇನ್ನೂ ಎತ್ತಿಕೋ ಅಂತಾಳೆ. ಅಮ್ಮನಿಗೆ ಎದೆಯಲ್ಲಿ ಗಾಯ ಆಗಿರುತ್ತದೆ, ಎತ್ತಿಕೊಳ್ಳಲು ಆಗಲ್ಲ, ಪಕ್ಕದಲ್ಲಿ ಕೂತುಕೊಳ್ಳಬಹುದು ಅಂತ ಈಗಿನಿಂದಲೇ ಹೇಳುತ್ತಾ ಬಾ. ಓಡಿ ಬಂದು ಅಪ್ಪಿಕೊಳ್ಳುತ್ತಾಳೆ, ಅಲ್ವಾ? ಅದಕ್ಕೆ ಮನೆಯವರೆಲ್ಲ ಎಚ್ಚರ ಇರಲಿ.

ಒಂದು ಕಡೆ ಮಾತ್ರ ಜಾಸ್ತಿ ಊದಿಕೊಂಡು ಬಿಗಿಯಾದರೆ, ತೊಟ್ಟು ಕಪ್ಪಾದರೆ, ಜ್ವರ ಬಂದರೆ, ಕಾಲು ಊದಿ ನೋವಾದರೆ, ಉಸಿರು ಕಟ್ಟಿದರೆ ಬೆಳಗಾಗಲಿ ಅಂತ ಕಾಯಬೇಡ. ಮಡಿಕೇರಿ ಆಸ್ಪತ್ರೆಗೆ ಆಗಲೇ ಹೋಗು, ಸರ್ಜನ್‌ಗೆ ಫೋನ್ ಮಾಡು.

ಹೊಸ ರವಿಕೆ ಈಗಲೇ ಹೊಲಿಸಬೇಡ. ಊತ ಇಳಿದು ಅಳತೆ ನಿಲ್ಲಲು ತಿಂಗಳುಗಳೇ ಬೇಕು. ವರ್ಷದ ಕೊನೆಯ ಪುತ್ತರಿ ಸುಗ್ಗಿ ಹಬ್ಬದ ಹೊತ್ತಿಗೆ ಹೊಲಿಸು.

ಅಮ್ಮತ್ತಿ:

ನಾಪೋಕ್ಲು ಅಕ್ಕ, ನಿಮ್ಮ ಎರಡನೇ ಡಾಕ್ಟರ್ ಹತ್ತಿರ ಹೋಗುವಾಗ ಯಾವ ಯಾವ ಪ್ರಶ್ನೆ ಕೇಳಿದಿರಿ ಅಂತ ಬರೆಯುತ್ತೀರಾ? ನಾನೂ ಅವ್ವನಿಗೆ ಇವತ್ತು ಹೇಳಿದೆ. ಮುಂದಿನ ವಾರ ಮಡಿಕೇರಿಯಲ್ಲಿ ಮೊದಲು ಕತ್ತು ತೋರಿಸುತ್ತೇವೆ.

ನಾಪೋಕ್ಲು ಕಡೆಯವಳು:

ಬರೆದಿಟ್ಟುಕೊಂಡ ಚೀಟಿ ನನ್ನ ಹತ್ತಿರ ಇದೆ, ತೂಕದ ಪುಸ್ತಕದ ಹಿಂದಿನ ಹಾಳೆಯಲ್ಲಿ. ಸಂಜೆ ಕಣದ ಕೆಲಸ ಮುಗಿಸಿ ಬಂದು ಫೋಟೋ ತೆಗೆದು ಕಳಿಸುತ್ತೇನೆ. ಕತ್ತಿನ ಜೊತೆಗೆ ರಕ್ತವನ್ನೂ ಪರೀಕ್ಷೆ ಮಾಡಿಸಿ. ನನಗೆ ಹಿಮೋಗ್ಲೋಬಿನ್ ಕಡಿಮೆ ಬಂದು ಈಗ ಕಬ್ಬಿಣದ ಮಾತ್ರೆ ಕೊಟ್ಟಿದ್ದಾರೆ. ಅದು ಸರಿಯಾದ ಮೇಲೆಯೇ ದಿನ ಕೊಡುತ್ತಾರಂತೆ.